ನಾಲ್ಕು ವರ್ಷದ ಪಥ್ಯ

ಬಡಗಿಯ ಹೆಂಡತಿಗೆ ಡಾಕ್ಟರ ಮೇಲೆ ಸಿಟ್ಟು, ನರ್ಸಿನ ಮೇಲೆ ಸಿಟ್ಟು, ಗೋಡೆಗೆ ಒತ್ತಿ ಇಟ್ಟಿದ್ದ ಆ ಕುರ್ಚಿಯ ಮೇಲಂತೂ ಹೇಳತೀರದ ಸಿಟ್ಟು. ಕೈಗಳನ್ನು ಎದೆಗೆ ಕಟ್ಟಿಕೊಂಡು, ಏನನ್ನೂ ಹಿಡಿಯದೆ ಅದರಿಂದ ಐದು ಸಲ ಎದ್ದು ಕೂರಬೇಕು, ಪರೀಕ್ಷೆ ಅಂದರೆ ಅಷ್ಟೇ. ಒಂದು ಕಾಲಕ್ಕೆ ಬಾಗಿಲ ಚೌಕಟ್ಟನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಮಹಡಿ ಹತ್ತುತ್ತಿದ್ದ ಗಂಡ, ಎರಡನೇ ಸಲಕ್ಕೇ ಧೊಪ್ಪನೆ ಕೂತುಬಿಟ್ಟ.

"ಇಷ್ಟು ನಿತ್ರಾಣ ಇದ್ರೆ ಆಪರೇಷನ್ ತಡ್ಕೊಳಲ್ಲ," ಎಂದರು ಡಾಕ್ಟರು. "ಹೊಸ ಕಿಡ್ನಿಗೆ ಕಾಯೋರ ಸಾಲಿಂದ ಸದ್ಯಕ್ಕೆ ಇವರನ್ನ ತೆಗೀತೀವಿ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಆಗ್ಲೂ ಏಳಕ್ಕಾಗ್ಲಿಲ್ಲ ಅಂದ್ರೆ ಕೊನೇವರೆಗೂ ಡಯಾಲಿಸಿಸ್ಸೇ ಗತಿ."

"ತೂಕ ಒಂಚೂರೂ ಇಳಿದಿಲ್ವಲ್ಲ ಡಾಕ್ಟ್ರೇ? ಪ್ರತಿ ಸಲ ನಾನೇ ನಿಂತು ನೋಡ್ತೀನಿ."

"ಮಾಂಸ ಕರಗಿದೆ, ಆ ಜಾಗಕ್ಕೆ ನೀರು ತುಂಬಿದೆ. ತೂಕದ ಮಿಷನ್‌ಗೆ ಎರಡೂ ಒಂದೇ. ಊಟಕ್ಕೆ ಏನು ಕೊಡ್ತೀರಿ?"

ಅವಳು ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದಲೇ ಹೇಳಿದಳು. ಕಾಯಿಲೆ ಗೊತ್ತಾದ ಹೊಸದರಲ್ಲಿ, ಡಯಾಲಿಸಿಸ್ಸಿನ ಮಾತು ಬರುವ ಮೊದಲು, ಬೇರೊಬ್ಬ ಡಾಕ್ಟರು ಮೊಟ್ಟೆ, ಮೀನು, ಬೇಳೆ ಕಡಿಮೆ ಮಾಡಿ ಅಂದಿದ್ದರು. ಅವಳು ಪೂರ್ತಿ ನಿಲ್ಲಿಸಿದ್ದಳು. ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವ ಜಾಯಮಾನ ಅವಳದಲ್ಲ. ನಾದಿನಿ ಅಣ್ಣನಿಗೆಂದು ಮೀನು ಹುರಿದು ತಂದರೆ ಹೊಸ್ತಿಲಲ್ಲೇ ನಿಲ್ಲಿಸಿ ಡಬ್ಬಿ ಸಮೇತ ವಾಪಸು ಕಳಿಸಿದ್ದಳು. ಗಂಡ ಜೈಲರಮ್ಮ ಎಂದು ಕರೆದರೆ ಅವಳಿಗೆ ಅದೊಂದು ಬಿರುದು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಡಯಾಲಿಸಿಸ್‌ಗೆ ಮುಂಚಿನ ಪಥ್ಯ ಅಮ್ಮಾ. ಶುರುವಾದ್ಮೇಲೆ ಉಲ್ಟಾ. ರಕ್ತ ತೊಳೆಯುವಾಗ ಕೆಟ್ಟದ್ದರ ಜೊತೆ ಮೈಗೆ ಬೇಕಾದ್ದೂ ಹೋಗುತ್ತೆ. ಮೊಟ್ಟೆ, ಮೀನು ಎಲ್ಲ ಜಾಸ್ತಿನೇ ತಿನ್ಬೇಕು. ಇಲ್ದಿದ್ರೆ ಮೈ ತನ್ನನ್ನ ತಾನೇ ತಿನ್ನುತ್ತೆ."

ಅವಳ ಮೈಯೆಲ್ಲ ಉರಿದುಹೋಯಿತು. "ಯಾರು ಹೇಳಿದ್ರು ನನಗೆ ಇದನ್ನ? ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ನಿಮ್ಮ ಬಾಗಿಲು ಕಾದಿದೀನಿ. ಇಷ್ಟು ಜನರಲ್ಲಿ ಒಬ್ಬರಿಗೂ ಬಾಯಿ ಇರ್ಲಿಲ್ವಾ?"

"ಹೇಳಿದ್ರು," ಎಂದ ಗಂಡ, ಕುರ್ಚಿಯಲ್ಲಿ ಕೂತೇ. "ಮೊದಲನೇ ವಾರವೇ ನರ್ಸಮ್ಮ ಹೇಳಿದ್ರು. ನಾನು ಬಂದು ನಿನಗೆ ಹೇಳ್ದೆ."

ಹೇಳಿದ್ದ. ಇನ್ನು ಮೊಟ್ಟೆ ತಿನ್ನಬೇಕಂತೆ ಕಣೇ ಎಂದು ಹೇಳಿದ್ದ. ನಾಲಿಗೆ ಚಪಲಕ್ಕೆ ನರ್ಸಮ್ಮನ ಸಾಕ್ಷಿ ಬೇರೆ ಎಂದು ಅವಳು ನಕ್ಕು, ಮೊಟ್ಟೆಯಿಲ್ಲದ ತಟ್ಟೆಯನ್ನೇ ಮುಂದಿಟ್ಟಿದ್ದಳು. ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ಹೊರಗೆ ಬರುತ್ತಲೇ ಅವಳು ಗಂಡನ ಮೇಲೆ ತಿರುಗಿಬಿದ್ದಳು. "ಒಂದು ಸಲ ಹೇಳಿ ಬಾಯಿಗೆ ಬೀಗ ಹಾಕ್ಕೊಂಡ್ರಲ್ಲ, ನೀವೇನು ಗಂಡಸ್ರಾ? ನನ್ನ ಹತ್ರ ಜಗಳ ಆಡಿ ತಿನ್ಬೇಕಿತ್ತು."

"ಜಗಳಕ್ಕೂ ತ್ರಾಣ ಬೇಕಲ್ಲೇ," ಎಂದ ಅವನು.

ಮನೆಗೆ ಬಂದವಳೇ ಎರಡು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು ತಟ್ಟೆಯನ್ನು ಅವನೆದುರು ಕುಕ್ಕಿದಳು. ಅವನು ಒಂದರಲ್ಲಿ ಅರ್ಧ ಕಚ್ಚಿ, ಬಹಳ ಹೊತ್ತು ಅಗಿದು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಸೇರ್ತಿಲ್ಲ. ಸಾಕು."

"ಏನು ಸಾಕು? ತಿನ್ನಿ."

"ಸಾಕು ಅಂದ್ನಲ್ಲ." ಅವನ ದನಿ ಇದ್ದಕ್ಕಿದ್ದಂತೆ ಏರಿತು. "ತಿನ್ನೋ ಆಸೆ ಇದ್ದಾಗ ಬಾಯಿಗೆ ಬಂದಿದ್ದನ್ನ ಕಿತ್ಕೊಂಡೆ. ಈಗ ಹಸಿವೇ ಸತ್ತಿದೆ, ಈಗ ತಂದು ಸುರೀತಿದೀಯ. ನನ್ನನ್ನ ಕೊಂದಿದ್ದು ಕಾಯಿಲೆಯಲ್ಲ ಕಣೇ, ನೀನು."

ಅಷ್ಟಕ್ಕೇ ಏದುಸಿರು ಬಂತು. ಅವಳಿಗೆ ಅಳು ಒತ್ತರಿಸಿ ಬಂದರೂ ಅಳಲಿಲ್ಲ. ಅಳಲು ತನಗೇನು ಹಕ್ಕಿದೆ ಎಂದು ತನ್ನ ಮೇಲೆಯೇ ಹಲ್ಲು ಕಡಿದಳು. ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ತಳ್ಳಿದಳು.

"ಹೌದು, ನಾನೇ," ಎಂದಳು. "ಇದನ್ನ ತಿಂದು, ಮಿಕ್ಕ ಬೈಗುಳಾನೂ ಬೈಯಿರಿ."