ಎರಡನೆಯ ಅರ್ಥ

ದೀಪಾಲಿ ಸ್ನಾನಕ್ಕೆ ಹೋಗಿದ್ದಾಗ ಅವಳ ಮೊಬೈಲು ಸದ್ದು ಮಾಡಿತು. ತಂಗಿಯ ಮೊಬೈಲು ನೋಡುವುದು ತನ್ನ ಹಕ್ಕೆಂದೇ ತಿಳಿದಿದ್ದ ಅಣ್ಣ ಮಾಂತು ಚಹಾದ ಲೋಟ ಇಟ್ಟು ಅದನ್ನೆತ್ತಿಕೊಂಡ. ಅವಳು ಕೆಲಸ ಮಾಡುವ ಮಗರಪಟ್ಟಾದ ಸೋಫಾ ಅಂಗಡಿಯ ಮ್ಯಾನೇಜರ್, ಮೈಸೂರಿನ ಮಧುಕರ್ ಬರೆದಿದ್ದ: ‘ದೀಪಾಲಿ, ನಿಮ್ಮಲ್ಲಿ ಇನ್ನೂ ಸ್ವಲ್ಪ ಊಂಫ್ ಬೇಕು. ಇವತ್ತು ಮಾತಾಡೋಣ.’

ಕಾತ್ರಜದಲ್ಲಿ ಟೆಂಪೊ ಓಡಿಸುವ ಮಾಂತುವಿಗೆ ಊಂಫ್ ಎಂಬ ಇಂಗ್ಲಿಷ್ ಶಬ್ದ ಗೊತ್ತಿರಲಿಲ್ಲ. ಅದೇ ಮೊಬೈಲಿನಲ್ಲಿ ಹುಡುಕಿದರೆ ಎರಡು ಅರ್ಥ ಬಂದವು. ಮೊದಲನೆಯದು ಹುರುಪು, ಚುರುಕು. ಎರಡನೆಯದು ಗಂಡಸರನ್ನು ಸೆಳೆಯುವ ಮೈಮಾಟ. ಅವನ ಕಣ್ಣು ಎರಡನೆಯದರ ಮೇಲೆಯೇ ನಿಂತಿತು. ತಂಗಿ ಹೊರಗೆ ಬರುವ ತನಕವೂ ಕಾಯದೆ ಟೆಂಪೊ ಹತ್ತಿದ.

ಅಂಗಡಿ ಆಗಷ್ಟೇ ತೆರೆದಿತ್ತು. “ಬನ್ನಿ ಸರ್, ಏನು ನೋಡ್ತೀರಾ?” ಎಂದು ಮಧುಕರ್ ನಗುತ್ತ ಬಂದ.

“ನನ್ನ ತಂಗ್ಯಾಗ ಏನ್ ಕಮ್ಮಿ ಬಿದ್ದದಲೇ ನಿನಗ?”

ಮಾಂತು ಟೆಂಪೊದಿಂದ ತಂದಿದ್ದ ಗಾಲಿ ಬಿಚ್ಚುವ ಪಾನಾ ಮಧುಕರನ ದವಡೆಗೆ ಬಿತ್ತು. ಹಲ್ಲು ಚೆಲ್ಲಿದವು. “ಯಾರು ನೀವು? ಪ್ಲೀಸ್...” ಎನ್ನುತ್ತ ಮಧುಕರ್ ಸೋಫಾದ ಹಿಂದೆ ತೆವಳಿದ. ಮಾಂತು ಕಾಲು ಹಿಡಿದು ಎಳೆದ. ಮೊದಲ ಪೆಟ್ಟಿನಲ್ಲಿ ಸಿಟ್ಟಿತ್ತು. ನಾಲ್ಕನೆಯದರ ಹೊತ್ತಿಗೆ ಸಿಟ್ಟೆಲ್ಲ ಇಳಿದಿತ್ತು, ತೋಳು ಮಾತ್ರ ನಿಲ್ಲಲೊಲ್ಲದು. ಹೊಡೆಯುವುದು ಹಿತವಾಗಿತ್ತು. ಐದನೆಯದು ಕಣ್ಣಿಗೇ ತಾಗಿತು. ಕೆಲಸದವರು ನಾಲ್ವರು ಸೇರಿ ಅವನನ್ನು ನೆಲಕ್ಕೆ ಒತ್ತಿ ಹಿಡಿದರು.

ತೆರೆದೇ ಬಿದ್ದಿದ್ದ ಮೊಬೈಲಿನಲ್ಲಿ ಅಣ್ಣ ಹುಡುಕಿದ್ದ ಅರ್ಥ ನೋಡಿ ಗಾಬರಿಯಾಗಿ ರಿಕ್ಷಾ ಹಿಡಿದಿದ್ದ ದೀಪಾಲಿ ಒದ್ದೆ ಕೂದಲಲ್ಲೇ ಒಳಗೆ ಓಡಿ ಬಂದಳು. ರಕ್ತ ನೋಡಿ ಗೋಡೆ ಹಿಡಿದಳು.

“ಗಿರಾಕಿಗಳ ಮುಂದ ನನ್ನ ದನಿ ಏಳೂದಿಲ್ಲಂತ ವಾರದಿಂದ ಹೇಳಾಕತ್ತಿದ್ರು. ಊಂಫ್ ಅಂದ್ರ ಹುರುಪು, ಅಣ್ಣಾ! ನನ್ನ ಒಂದ್ ಮಾತು ಕೇಳಬಾರದಿತ್ತೇನು?”

“ಮೊಬೈಲ್‌ನ್ಯಾಗ ಹಂಗ ಬರದಿತ್ತು...”

ಅವಳು ಕೆಳಗೆ ಬಿದ್ದಿದ್ದ ಪಾನಾ ಎತ್ತಿ ಅವನ ಬಲಗೈ ಮೇಲೆ ಬೀಸಿದಳು. ಮಣಿಕಟ್ಟು ಲಟಕ್ಕೆಂದಿತು. ಮಾಂತು ಕಿರುಚಿದ. ಬಂದ ಪೊಲೀಸರಿಗೆ ಅವಳು ಮರಾಠಿಯಲ್ಲಿ ಎರಡನ್ನೂ ಹೇಳಿದಳು: ಅವರನ್ನು ಹೊಡೆದವನು ನನ್ನ ಅಣ್ಣ, ಇವನ ಕೈ ಮುರಿದವಳು ನಾನು.

ಮಧುಕರ್ ಬದುಕಿಕೊಂಡ, ಬಲಗಣ್ಣು ಮಾತ್ರ ಹೋಯಿತು. ತಿಂಗಳಾದ ಮೇಲೆ ತಾಯಿ ಕಾಶವ್ವ ಜೈಲಿಗೆ ಬಂದಾಗ, ಮಾಂತು ಅವಳ ಬೆನ್ನ ಹಿಂದೆ ಬಾಗಿಲತ್ತಲೇ ನೋಡಿದ.

“ದೀಪಾ ಬರಲಿಲ್ಲೇನವ್ವಾ?”

“ಇಲ್ಲಪಾ. ವಾಕಡದಾಗ ಬ್ಯಾರೆ ಖೋಲಿ ಹಿಡದಾಳ. ನಿನ್ನ ಹೆಸರು ಎತ್ತಬ್ಯಾಡ ಅಂದಾಳ.”