ಎಂಟು ಪಾಳಿ

ಈಗಲೇ ಹೇಳಿಬಿಡಲೇ? ಇಲ್ಲ, ದೊಡ್ಡಕ್ಕನೇ ಬಾಯಿಬಿಡಲಿ ಎಂದು ಕಾಯಲೇ? ಹೇಳಿದರೆ ಇಬ್ಬರ ಕೆಲಸಕ್ಕೂ ಕುತ್ತು. ಹೇಳದಿದ್ದರೆ ಅವಳೊಬ್ಬಳಿಗೇ ಎಂದು ಕಿರಿಯ ನರ್ಸ್ ತನ್ನೊಳಗೇ ಲೆಕ್ಕ ಹಾಕುತ್ತಿದ್ದ.

ಇನ್‌ಚಾರ್ಜ್ ಸಿಸ್ಟರ್ ಡ್ಯೂಟಿ ಪುಸ್ತಕ ಹರಡಿಕೊಂಡು ಕ್ಯಾಲ್ಕುಲೇಟರ್ ಒತ್ತುತ್ತಿದ್ದರು. ಐಸಿಯು ನರ್ಸುಗಳ ವಿಶೇಷ ಪ್ರಮಾಣಪತ್ರ ನವೀಕರಣವಾಗಬೇಕಾದರೆ, ಕೊನೆಯ ಎರಡು ವರ್ಷಗಳಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲೇ ಎರಡು ಸಾವಿರ ಗಂಟೆ ದುಡಿದ ದಾಖಲೆ ಬೇಕು. ಇಲ್ಲದಿದ್ದರೆ ಮತ್ತೆ ಪರೀಕ್ಷೆ. ಅದರಲ್ಲಿ ನಪಾಸಾದರೆ ಐಸಿಯು ಬಿಟ್ಟು ಜನರಲ್ ವಾರ್ಡಿಗೆ.

"ನಿಂದು ಬೇಕಾದಷ್ಟಿದೆ" ಎಂದು ಅವನ ಅರ್ಜಿಗೆ ಸಹಿ ಹಾಕಿದರು. "ದೊಡ್ಡಕ್ಕಾ, ನಿಮ್ಮದೇ ತಲೆನೋವು. ಐವತ್ತು ಗಂಟೆ ಕಮ್ಮಿ."

ಘಟಕದವರೆಲ್ಲರ ಬಾಯಲ್ಲಿ ದೊಡ್ಡಕ್ಕನಾಗಿದ್ದ ಹಿರಿಯ ನರ್ಸ್ ನಕ್ಕಳು. "ಬೆನ್ನಿನ ಆಪರೇಷನ್ ಆಗಿ ಆರು ತಿಂಗಳು ಹಾಸಿಗೆ ಪಕ್ಕ ಏನು, ಮೇಲೇ ಇದ್ನಲ್ಲ ಸಿಸ್ಟರ್! ಅದನ್ನೂ ಸೇರಿಸ್ಕೊಳ್ಳಿ."

"ತಮಾಷೆ ಸಾಕು. ಯಾರದ್ದಾದ್ರೂ ಬದಲಿಗೆ ಬಂದಿದ್ದು ಬಿಟ್ಟುಹೋಗಿದ್ಯಾ, ನೆನಪು ಮಾಡ್ಕೊಳ್ಳಿ."

ಬಿಟ್ಟುಹೋಗಿದ್ದು ಇತ್ತು. ಹೋದ ವರ್ಷ ಅವನ ಅಪ್ಪ ಕೊನೆಯುಸಿರೆಳೆಯುವಾಗ ಅವನ ರಜೆಯೆಲ್ಲ ಮುಗಿದಿತ್ತು. ಅವನ ಎಂಟು ಪಾಳಿಗಳನ್ನು ದೊಡ್ಡಕ್ಕ ಮಾಡಿದ್ದಳು. ಯಾರಿಗೂ ತಿಳಿಯದಿರಲೆಂದು ಪುಸ್ತಕದಲ್ಲಿ ಅವನ ಹೆಸರನ್ನೇ ಬರೆದಿದ್ದಳು. ರೋಗಿಗಳ ಚಾರ್ಟಿನಲ್ಲೂ ಅವನ ಸಹಿಯನ್ನೇ ಹಾಕಿದ್ದಳು; ಗೊತ್ತಾದರೆ ಸುಳ್ಳು ದಾಖಲೆಯೆಂದು ಇಬ್ಬರನ್ನೂ ಮನೆಗೆ ಕಳಿಸುತ್ತಾರೆ. ಒಟ್ಟು ಅರವತ್ತನಾಲ್ಕು ಗಂಟೆ.

ದೊಡ್ಡಕ್ಕ ಅವನತ್ತ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಹೊರಗೆ ಯಾವುದೋ ಮಾನಿಟರ್ ಕೂಗಿ ತಾನಾಗಿ ಸುಮ್ಮನಾಯಿತು. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

"ಇಲ್ಲ ಸಿಸ್ಟರ್" ಎಂದಳು ದೊಡ್ಡಕ್ಕ. "ಪರೀಕ್ಷೇನೇ ಬರೀತೀನಿ ಬಿಡಿ. ಮಗಳೂ ಓದ್ತಾಳೆ, ಪಕ್ಕದಲ್ಲಿ ನಾನೂ ಕೂರ್ತೀನಿ."

ಮರುದಿನ ಊಟದ ಬಿಡುವಿನಲ್ಲಿ ದಪ್ಪ ಪುಸ್ತಕವೊಂದನ್ನು ಅವನ ಮುಂದೆ ತಳ್ಳಿದಳು. "ಕೇಳಪ್ಪಾ ಮೇಷ್ಟ್ರೇ. ತಪ್ಪು ಹೇಳಿದ್ರೆ ಕಿವಿ ಹಿಂಡು."

ಅವನು ಪ್ರಶ್ನೆಗಳನ್ನು ಕೇಳಿದ. ಮೊದಲೆರಡಕ್ಕೆ ಪಟಪಟನೆ ಉತ್ತರಿಸಿದಳು. ಮೂರನೆಯದು ಇಪ್ಪತ್ತು ವರ್ಷಗಳಿಂದ ಅವಳ ಕೈ ದಿನವೂ ಮಾಡುತ್ತಿದ್ದ ಕೆಲಸ. ಪುಸ್ತಕದ ಮಾತಿನಲ್ಲಿ ಅದು ಅವಳಿಗೆ ಗುರುತೇ ಸಿಗಲಿಲ್ಲ. ಕನ್ನಡಕ ತೆಗೆದು ಸೆರಗಿಲ್ಲದ ಯೂನಿಫಾರ್ಮಿನ ಅಂಚಿಗೆ ಒರೆಸಿದಳು.

"ಅಕ್ಕಾ..." ಎಂದ ಅವನು.

"ಹೇಳು."

"ಇನ್ನೊಂದು ಸಲ ಓದ್ಲಾ?"

"ಓದು."

ಓದಿದ. ಆ ಅರವತ್ತನಾಲ್ಕು ಗಂಟೆಗಳು ದೊಡ್ಡಕ್ಕನವು ಎಂದು ಅವನು ಯಾರಿಗೂ, ಎಂದೂ ಹೇಳಲಿಲ್ಲ.