ಮೆಟ್ಟಿಲ ಮೇಲಿನ ತಟ್ಟೆ

ತಾನೇ ಬೇಯಿಸಿಕೊಂಡ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟುಕೊಂಡು ಟೈಲರಜ್ಜಿ ಮಹಡಿ ಮೆಟ್ಟಿಲಿನ ಬುಡದಲ್ಲಿ ಕೂತುಬಿಟ್ಟಿದ್ದಳು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಂಬಿ, ನಡುವೆ ಅಜ್ಜಿ. ಇರುವೆ ನುಸುಳಲೂ ಜಾಗವಿರಲಿಲ್ಲ. ಮೇಲಿನ ಕೋಣೆಯಿಂದ ಅವಳ ಹೊಲಿಗೆ ಮಿಷಿನ್ ಇಳಿಸಲು ಬಂದಿದ್ದ ಇಬ್ಬರು ಕೂಲಿಯವರು ಹಗ್ಗ ಹಿಡಿದು ಮುಖ ಮುಖ ನೋಡಿಕೊಂಡರು.

“ಏಳಮ್ಮ,” ಎಂದ ಮಗ. “ಹತ್ತೋಕೆ ಕಾಲಿಲ್ಲ ಅಂದ ಮೇಲೆ ಮೇಲಿನ ಕೋಣೆ ಯಾಕೆ? ಮಿಷಿನ್ ಯಾರಿಗಾದ್ರೂ ಕೊಟ್ಬಿಡೋಣ.”

“ಕಾಲಿದೆ. ಕಾಲಲ್ಲಿ ಕಸುವಿಲ್ಲ. ಅದಕ್ಕೇ ತಿಂತಾ ಕೂತಿದೀನಿ.”

ಜ್ವರ ಬಿಟ್ಟ ಮೇಲೆ ಸೊಸೆ ಅವಳನ್ನು ಹಸುಗೂಸಿನಂತೆ ನೋಡಿಕೊಂಡಿದ್ದಳು. ಮೆತ್ತಗಿನ ಅನ್ನ, ಬೇಳೆಯ ಮೇಲಿನ ತಿಳಿ, ಸಕ್ಕರೆ ಹಾಕಿದ ಗಂಜಿ. ಎಣ್ಣೆಯ ಜಿಡ್ಡು ಹತ್ತಿರ ಸುಳಿಯುವಂತಿರಲಿಲ್ಲ. ಪಾಪ, ಊದಿ ಆರಿಸಿಯೇ ಕೊಡುತ್ತಿದ್ದಳು. ಅಜ್ಜಿಯ ಹೊಟ್ಟೆ ತುಂಬುತ್ತಿತ್ತು, ತೊಡೆಗಳು ಮಾತ್ರ ಸೊರಗುತ್ತಿದ್ದವು.

ಹೋದ ವಾರ ಆಸ್ಪತ್ರೆಯಲ್ಲಿ ಆಹಾರತಜ್ಞೆ, ಇನ್ನೂ ಎಳೆಯ ಹುಡುಗಿ, ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದಳು. ಅಜ್ಜಿಗೆ ಆಗಲಿಲ್ಲ. ಹುಡುಗಿ ತನ್ನ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಊಟದ ವಿಚಾರವೆಲ್ಲ ಕೇಳಿದಳು.

“ಅಜ್ಜಿ, ಅನ್ನ, ಸಕ್ಕರೆಯಿಂದ ಬರೋದು ಓಡಾಡೋ ಶಕ್ತಿ. ಮಾಂಸಖಂಡ ಕಟ್ಟೋಕೆ ಪ್ರೋಟೀನ್ ಬೇಕು. ಅದು ಬೇಳೆ, ಮೊಟ್ಟೆ, ಹಾಲಲ್ಲಿದೆ. ಎಣ್ಣೆ, ಕಡಲೆಕಾಯಿಯ ಕೊಬ್ಬೂ ಸ್ವಲ್ಪ ಬೇಕು, ಕೆಲವು ಜೀವಸತ್ವ ಮೈಗೆ ಹತ್ತೋದೇ ಅದರಿಂದ. ಮೂರನ್ನೂ ತಿನ್ನಿ. ದಿನಾ ಎದ್ದು ಕೂತು ಅಭ್ಯಾಸ ಮಾಡಿ.”

ಈಗ ಮಗ ಹಣೆ ಚಚ್ಚಿಕೊಂಡ. “ಈ ವಯಸ್ಸಲ್ಲಿ ಅದೆಲ್ಲ ಅರಗುತ್ತಾ?”

“ನಿನ್ನ ಮಾತುಗಳನ್ನೇ ಅರಗಿಸಿಕೊಂಡವಳು ನಾನು. ಬೇಳೆ ಯಾವ ಲೆಕ್ಕ!”

ಕೂಲಿಯವರಲ್ಲಿ ಹಿರಿಯವನು ನಗು ತಡೆಯಲಾರದೆ ಕೆಮ್ಮಿದ.

“ಗಂಜಿ ಕೊಟ್ಟು ಮಿಷಿನ್ ತುಳಿಯೋಕೆ ಬಲ ಕೊಟ್ರಿ,” ಎಂದಳು ಅಜ್ಜಿ. “ಎಣ್ಣೆ ಬಿಡಲಿಲ್ಲ, ಬೇಳೆ, ಮೊಟ್ಟೆ ಅನ್ನೋ ಬಟ್ಟೆ ಕೊಡಲಿಲ್ಲ. ಈಗ ಅಂಗಿ ಎಲ್ಲಿ ಅಂತೀರಿ. ಎಲ್ಲಿಂದ ತರಲಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಬಾಡಿತು. “ಹಾಗಾದ್ರೆ ಅತ್ತೆ, ನಾನು ಮಾಡಿದ್ದೆಲ್ಲ...”

“ಜ್ವರದಲ್ಲಿ ನನ್ನ ಉಳಿಸಿದ್ದೇ ಅದು ಕಣಮ್ಮ. ಈಗ ಜ್ವರ ಇಲ್ಲ.”

“ಅಜ್ಜಿ, ಊಟ ಯಾವಾಗ ಮುಗಿಯುತ್ತೆ?” ಕೇಳಿದ ಹಿರಿಯವನು.

“ನಾನು ಅಗಿದು ತಿನ್ನೋಳಪ್ಪ. ಹಲ್ಲು ಬೇರೆ ಕಡಿಮೆ.”

ಸೊಸೆ ಒಳಗೆ ಹೋಗಿ ಬೇಳೆಯ ಪಾತ್ರೆ ತಂದಳು. ಯಾವತ್ತೂ ಮೇಲುಮೇಲಕ್ಕೆ ಆಡುತ್ತಿದ್ದ ಸೌಟನ್ನು ತಳಕ್ಕಿಳಿಸಿ, ಗಟ್ಟಿ ಬೇಳೆಯನ್ನು ತಟ್ಟೆಗೆ ಸುರಿದು, ಮೇಲೆ ಒಂದು ಚಮಚ ಎಣ್ಣೆ ಬಿಟ್ಟಳು.

“ನಿಧಾನವಾಗಿ ತಿನ್ನಿ ಅತ್ತೆ. ಅವಸರ ಏನಿಲ್ಲ.” ಗಂಡನ ಕಡೆ ತಿರುಗಿದಳು. “ಮಿಷಿನ್ ಇದ್ದಲ್ಲೇ ಇರಲಿ. ಇವರಿಬ್ಬರಿಗೂ ಬಡಿಸ್ತೀನಿ, ಉಂಡು ಹೋಗಲಿ.”

ಹಿರಿಯವನು ಹಗ್ಗ ಸುತ್ತತೊಡಗಿದ.

ತಟ್ಟೆ ಬರಿದಾದ ಮೇಲೆ ಅಜ್ಜಿ ಕಂಬಿ ಹಿಡಿದಳು. ಅರ್ಧ ಎದ್ದು ಮತ್ತೆ ಕೂತಳು. ಮಗ ಗಾಬರಿಯಿಂದ ಓಡಿಬಂದು ಕೈ ಚಾಚಿದ.

ಅಜ್ಜಿ ಆ ಕೈಗೆ ಖಾಲಿ ತಟ್ಟೆ ಕೊಟ್ಟಳು.

“ಇದನ್ನ ಹಿಡ್ಕೊ,” ಎಂದು ಮತ್ತೆ ಏಳತೊಡಗಿದಳು.